‘ದುರ್ಬಲ’ ಎಂಬ ಪದದ ಸುತ್ತಮುತ್ತ



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. 1985ರಲ್ಲಿ ನನ್ನ ಕೈಕೆಳಗೆ ಹತ್ತನೆಯ ತರಗತಿ ಮುಗಿಸಿದವನು. ಈಗ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ವೈದ್ಯ. ಇನ್ನು ಕೆಲವೇ ವರ್ಷಗಳಲ್ಲಿ ಅವನೂ ನನ್ನಂತೆ ನಿವೃತ್ತನಾಗುವವನೇ. ಕಾಫಿ ಕುಡಿಯುತ್ತಾ ಅವನು ಒಂದು ವಿಚಾರ ಎತ್ತಿದ.

“ಸರ್, ನನ್ನ ಬಳಿ ಬರುವ ರೋಗಿಗಳಲ್ಲಿ ಅರ್ಧಕ್ಕರ್ಧ ಜನ ಹೇಳುವ ಮೊದಲ ಮಾತು ‘ವೀಕ್‌ನೆಸ್ ಆಗಿದೆ ಡಾಕ್ಟ್ರೇ’ ಎಂದು. ಎರಡನೆಯ ಮಾತು ‘ಒಂದು ಗ್ಲೂಕೋಸ್ ಹಾಕಿಬಿಡಿ’ ಎಂದು. ಆ ಪದದಿಂದ ನನಗೆ ಏನೂ ತಿಳಿಯುವುದಿಲ್ಲ. ರಕ್ತ ಕಡಿಮೆಯೋ, ಸಕ್ಕರೆ ಕಾಯಿಲೆಯೋ, ನಿದ್ದೆಯಿಲ್ಲದ್ದೋ, ಮನೆಯೊಳಗಿನ ಕೊರಗೋ, ಎಲ್ಲವೂ ವೀಕ್‌ನೆಸ್ಸೇ. ಈ ಪದ ಬರುವ ಮುಂಚೆ ನಮ್ಮ ಜನ ಏನೆನ್ನುತ್ತಿದ್ದರು?”

ನಾನು ಮೇಷ್ಟರ ಅಭ್ಯಾಸದಂತೆ ತಕ್ಷಣವೇ ಪಟ್ಟಿ ಒಪ್ಪಿಸಿದೆ: ದೌರ್ಬಲ್ಯ, ನಿರ್ಬಲತೆ, ಅಶಕ್ತಿ, ಬಲಹೀನತೆ, ನಿತ್ರಾಣ. ಅವನು ನಕ್ಕ. “ಅದು ನೀವು ಆಗ ಬಾಯಿಪಾಠ ಮಾಡಿಸಿದ ಸಮಾನಾರ್ಥಕ ಪದಗಳ ಪಟ್ಟಿ ಸರ್. ನಾನು ಕೇಳಿದ್ದು ಅಜ್ಜಿಯರು ಏನೆನ್ನುತ್ತಿದ್ದರು ಎಂದು.”

ಅವನು ಹೋದ ಮೇಲೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಪರೀಕ್ಷೆಯಲ್ಲಿ ‘ಸಮಾನಾರ್ಥಕ ಪದ ಬರೆಯಿರಿ’ ಎಂದು ಕೇಳಿ, ಒಂದೊಂದು ಪದಕ್ಕೆ ಒಂದೊಂದು ಅಂಕ ಕೊಟ್ಟು ಜೀವಮಾನ ಕಳೆದವನು ನಾನು. ಆದರೆ ನಿಜವಾಗಿ ಸಮಾನಾರ್ಥಕವೆಂಬ ಪದಗಳು ಭಾಷೆಯಲ್ಲಿ ಬಲು ವಿರಳ. ಒಂದೊಂದು ಪದವೂ ಒಂದೊಂದು ಕಾಲದಲ್ಲಿ, ಒಂದೊಂದು ಕಾರಣಕ್ಕೆ ಹುಟ್ಟಿದ್ದು. ಈ ‘ದುರ್ಬಲ’ ಮತ್ತು ಅದರ ನೆಂಟರಿಷ್ಟರ ಚರಿತ್ರೆಯನ್ನು ನಿಮಗೆ ಹೇಳಬೇಕೆನಿಸಿತು. ಹಾಗೆ ಹೇಳಹೊರಟಾಗ ನನ್ನದೇ ಒಂದು ಹಳೆಯ ತಪ್ಪು ನಡುವೆ ಎದುರಾಯಿತು. ಅದನ್ನೂ ಮುಚ್ಚಿಡದೆ ಕೊನೆಯಲ್ಲಿ ಬರೆಯುತ್ತೇನೆ.

ಮೊದಲು ಅಜ್ಜಿಯರ ಮಾತು. ನನ್ನ ಅಜ್ಜಿ ಎಂದೂ ‘ದೌರ್ಬಲ್ಯ’ ಎಂದವಳಲ್ಲ. ‘ಕೈಕಾಲು ಸೋತು ಬರ್ತವೆ’ ಎನ್ನುತ್ತಿದ್ದಳು. ‘ಕಣ್ಣು ಕತ್ತಲೆ ಕಟ್ಟುತ್ತೆ’, ‘ಎದೆ ಹಾರುತ್ತೆ’, ‘ಬಾಯಿ ಒಣಗುತ್ತೆ’, ‘ಮೈಯಲ್ಲಿ ಕಸುವಿಲ್ಲ’ ಎನ್ನುತ್ತಿದ್ದಳು. ಬೇಸಗೆಯಲ್ಲಿ ಹೊಲದಿಂದ ಬಂದವರನ್ನು ‘ಬಸವಳಿದು ಬಂದಿದ್ದಾರೆ, ಮಜ್ಜಿಗೆ ಕೊಡು’ ಎನ್ನುವಳು. ಜ್ವರದಿಂದ ಎದ್ದ ಮಗುವನ್ನು ‘ಸೊರಗಿದೆ, ತುಪ್ಪ ಹಾಕು’ ಎನ್ನುವಳು. ಗಮನಿಸಿ, ಇಲ್ಲಿ ಪ್ರತಿಯೊಂದು ಮಾತೂ ಮೈಯ ಯಾವ ಭಾಗದಲ್ಲಿ ಏನಾಗಿದೆ ಎಂಬುದನ್ನು ಹೇಳುತ್ತದೆ. ಕೆಲವೊಮ್ಮೆ ಅದರ ಬೆನ್ನಲ್ಲೇ ಮದ್ದನ್ನೂ ಹೇಳಿಬಿಡುತ್ತದೆ. ಬಸವಳಿಯುವುದು ಒಂದು ಹೊತ್ತಿನ ದಣಿವು, ಸೊರಗುವುದು ದಿನಗಟ್ಟಲೆಯ ಕ್ಷಯ. ವೈದ್ಯನಾದ ನನ್ನ ಶಿಷ್ಯನಿಗೆ ಇಂಥ ಮಾತುಗಳಿಂದ ಅರ್ಧ ರೋಗಪರೀಕ್ಷೆ ಮುಗಿದೇ ಹೋಗುತ್ತಿತ್ತು. ಕಣ್ಣು ಕತ್ತಲೆ ಕಟ್ಟುತ್ತದೆ, ಎದೆ ಹಾರುತ್ತದೆ ಎಂದ ಹೆಂಗಸಿನ ಕಣ್ಣರೆಪ್ಪೆಯನ್ನು ಎಳೆದು ರಕ್ತಹೀನತೆಯಿದೆಯೇ ಎಂದು ನೋಡಬೇಕೆಂಬುದು ಅವನಿಗೆ ಹೊಳೆಯುತ್ತಿತ್ತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಅಷ್ಟೂ ಜನ ತಮ್ಮ ಕಷ್ಟವನ್ನು ‘ವೀಕ್‌ನೆಸ್’ ಎಂಬ ಒಂದೇ ಚೀಲಕ್ಕೆ ತುಂಬಿ ವೈದ್ಯರ ಮುಂದೆ ಇಡುತ್ತಿದ್ದಾರೆ.

ಅಜ್ಜಿ ಬಳಸುತ್ತಿದ್ದ ಇನ್ನೊಂದು ಪದ ‘ತ್ರಾಣ’. ‘ತ್ರಾಣ ಇಲ್ಲ ಕಣಪ್ಪಾ’ ಎಂದು ಜಗಲಿಯ ಮೇಲೆ ಕುಳಿತುಬಿಡುತ್ತಿದ್ದಳು. ಇದು ಸಂಸ್ಕೃತದಿಂದ ಬಂದ ಪದ; ಆದರೆ ಸಂಸ್ಕೃತದಲ್ಲಿ ತ್ರಾಣವೆಂದರೆ ಶಕ್ತಿಯಲ್ಲ, ರಕ್ಷಣೆ. ತಲೆಯನ್ನು ಕಾಯುವುದು ಶಿರಸ್ತ್ರಾಣ. ಕಾಪಾಡುವುದು ಎಂಬ ಅರ್ಥದ ಆ ಪದ ಕನ್ನಡಿಗರ ಬಾಯಿಗೆ ಬಂದು ಕಸುವು, ಶಕ್ತಿ ಎಂಬ ಅರ್ಥವನ್ನು ಪಡೆದುಕೊಂಡಿತು. ಹಾಗಾಗಿ ನಿತ್ರಾಣನೆಂದರೆ, ಪದದ ಬೇರನ್ನು ಹಿಡಿದು ನೋಡಿದರೆ, ಕಾಯುವವರಿಲ್ಲದವನು. ಶಕ್ತಿಯೆಂದರೆ ಮೈಯೊಳಗಿನ ಮಾಂಸಖಂಡ ಮಾತ್ರವಲ್ಲ, ಬೆನ್ನ ಹಿಂದೆ ಯಾರೋ ಇದ್ದಾರೆ ಎಂಬ ಧೈರ್ಯವೂ ಹೌದು ಎಂಬುದನ್ನು ಈ ಅರ್ಥವ್ಯತ್ಯಾಸ ನನಗೆ ಸೂಚಿಸುತ್ತದೆ. ಮಕ್ಕಳೆಲ್ಲ ಊರು ಬಿಟ್ಟುಹೋದ ಮೇಲೆ ಒಂಟಿಯಾಗಿ ಉಳಿದ ಹಿರಿಯರು ‘ತ್ರಾಣವಿಲ್ಲ’ ಎಂದರೆ, ಅವರು ಎರಡೂ ಅರ್ಥದಲ್ಲಿ ಸತ್ಯವನ್ನೇ ಹೇಳುತ್ತಿರುತ್ತಾರೆ.

ಪಾರಸಿಯಿಂದ ಬಂದ ಪದಗಳೂ ಈ ಸಂತೆಯಲ್ಲಿವೆ. ‘ಸುಸ್ತು’ ಅಲ್ಲಿಯದು. ಉತ್ತರ ಕರ್ನಾಟಕದ ‘ಕಮಜೋರಿ’ಯೂ ಅಲ್ಲಿಯದೇ, ‘ಜೋರು’ ಕಡಿಮೆಯಾದದ್ದು ಕಮಜೋರು. ‘ಹುಷಾರಿಲ್ಲ’ ಎನ್ನುತ್ತೇವಲ್ಲ, ಆ ಹುಷಾರು ಮೂಲದಲ್ಲಿ ಎಚ್ಚರ ಎಂಬ ಅರ್ಥದ್ದು. ಆ ಅರ್ಥವನ್ನು ನಾವು ಕಳೆದುಕೊಂಡಿಲ್ಲ, ‘ಹುಷಾರಾಗಿ ಹೋಗಿ ಬಾ’ ಎನ್ನುವಾಗ ಅದು ಹಾಗೆಯೇ ಇದೆ. ಇನ್ನು ‘ನಾಜೂಕು’. ಸುಲಭವಾಗಿ ನಲುಗಿಹೋಗುವ ಕೋಮಲತೆ ಅದರ ಮೂಲ ಅರ್ಥ; ನಮ್ಮಲ್ಲಿ ಅದು ಕೌಶಲದ ಹೊಗಳಿಕೆಯಾಗಿದೆ. ನಾಜೂಕಾಗಿ ಕೆಲಸ ಮಾಡುವವನನ್ನು ಯಾರೂ ದುರ್ಬಲನೆನ್ನುವುದಿಲ್ಲ.

ಇದಕ್ಕೆ ತದ್ವಿರುದ್ಧವಾದ ದಾರಿ ಹಿಡಿದದ್ದು ‘ಪೇಲವ’. ಇಂದು ‘ಪೇಲವ ವಾದ’, ‘ಪೇಲವ ಭಾಷಣ’ ಎಂದರೆ ನಿಂದೆ. ಆದರೆ ಕಾಳಿದಾಸನ ‘ಕುಮಾರಸಂಭವ’ದ ಐದನೆಯ ಸರ್ಗದಲ್ಲಿ ಇದು ಶಿರೀಷ ಪುಷ್ಪಕ್ಕೆ, ಅಂದರೆ ನಮ್ಮ ಬಾಗೆ ಹೂವಿಗೆ ಸಂದ ವಿಶೇಷಣ. ತಪಸ್ಸಿಗೆ ಹೊರಟ ಪಾರ್ವತಿಯನ್ನು ತಡೆಯಲು ತಾಯಿ ಮೇನಾದೇವಿ ಆ ಹೂವನ್ನು ನೆನೆಯುತ್ತಾಳೆ: ದುಂಬಿಯ ಭಾರವನ್ನು ತಾಳಬಲ್ಲ ಹೂವು ಹಕ್ಕಿಯ ಭಾರವನ್ನು ತಾಳೀತೇ ಎಂದು. ಮಗಳು ತಾಯಿಯ ಮಾತನ್ನು ಕೇಳಲಿಲ್ಲ. ಹೂವೆಂದು ಕರೆಸಿಕೊಂಡವಳು ಋಷಿಗಳೂ ಬೆರಗಾಗುವಂಥ ತಪಸ್ಸು ಮಾಡಿದಳು.

ಈಗ ನನಗೆ ಬಹಳ ಮುಖ್ಯವೆನಿಸಿದ ಪದಕ್ಕೆ ಬರುತ್ತೇನೆ. ಅದು ಅಚ್ಚಗನ್ನಡದ ‘ಬಡ’. ಇಂದು ಬಡವನೆಂದರೆ ಹಣವಿಲ್ಲದವನು ಎಂದಷ್ಟೇ ನಮ್ಮ ಮನಸ್ಸಿಗೆ ಬರುತ್ತದೆ. ಆದರೆ ಈ ಪದಕ್ಕೆ ತೆಳ್ಳಗಿನ, ಕೃಶವಾದ ಎಂಬ ಅರ್ಥವೂ ಉಂಟು. ಹಳೆಯ ಕಾವ್ಯಗಳಲ್ಲಿ ಬರುವ ‘ಬಡನಡು’ ಬಡತನದ ನಡುವಲ್ಲ, ತೆಳುವಾದ ಸೊಂಟ. ‘ಬಡಕಲು’ ಎಂಬ ಪದದಲ್ಲಿ ಆ ಅರ್ಥ ಇಂದಿಗೂ ಬದುಕಿದೆ. ತವರಿಗೆ ಬಂದ ಮಗಳನ್ನು ನೋಡಿ ತಾಯಿ ‘ಯಾಕೆ ತಾಯಿ, ಇಷ್ಟು ಬಡವಾಗಿದ್ದೀ?’ ಎಂದು ಕೇಳಿದರೆ, ಅಳಿಯನ ಆಸ್ತಿ ಕರಗಿತೇ ಎಂಬುದು ಆ ಪ್ರಶ್ನೆಯಲ್ಲ. ಮೈ ಇಳಿದಿದೆಯಲ್ಲ, ಅಲ್ಲಿ ಹೊಟ್ಟೆಗೆ ಸರಿಯಾಗಿ ಹಾಕುವುದಿಲ್ಲವೇ ಎಂಬುದು. ರೆವರೆಂಡ್ ಕಿಟ್ಟೆಲರು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಪ್ರಕಟಿಸಿದ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿಯೂ ತೆಳುವು, ಶಕ್ತಿಹೀನತೆ, ದಾರಿದ್ರ್ಯ ಈ ಮೂರೂ ಇದೇ ಪದದ ಕುಟುಂಬದಲ್ಲಿ ಸೇರಿಕೊಂಡಿವೆ. ತೆಳ್ಳಗಿರುವವನು, ಶಕ್ತಿಯಿಲ್ಲದವನು, ಇಲ್ಲದವನು ಈ ಮೂವರೂ ಒಬ್ಬನೇ ಎಂಬ ಅನುಭವದಿಂದಲೇ ನಮ್ಮ ಹಿರಿಯರು ಮೂವರಿಗೂ ಒಂದೇ ಹೆಸರು ಸಾಕೆಂದುಕೊಂಡಿರಬೇಕು.

ಇದು ಕನ್ನಡಕ್ಕೆ ಮಾತ್ರ ಸೇರಿದ ಅನುಭವವಲ್ಲ. ಅಮರಸಿಂಹನ ‘ನಾಮಲಿಂಗಾನುಶಾಸನ’, ಅಂದರೆ ಹಿಂದಿನ ತಲೆಮಾರಿನವರು ಬಾಲ್ಯದಲ್ಲಿಯೇ ಬಾಯಿಪಾಠ ಮಾಡುತ್ತಿದ್ದ ಅಮರಕೋಶವನ್ನು ನೋಡಿ. ನಾಚಿರಾಜನೆಂಬ ವಿದ್ವಾಂಸ ಇದಕ್ಕೆ ಕನ್ನಡ ವ್ಯಾಖ್ಯಾನ ಬರೆದಿದ್ದಾನೆ. ಅದರ ಎರಡನೆಯ ಕಾಂಡದ ಮನುಷ್ಯವರ್ಗದಲ್ಲಿ ‘ದುರ್ಬಲ’ಕ್ಕೆ ಕೊಟ್ಟಿರುವ ಜೊತೆಪದ ‘ಅಮಾಂಸ’. ಮಾಂಸವಿಲ್ಲದವನು, ಎಲುಬು ಚರ್ಮವಾದವನು. ಅದರ ಪಕ್ಕದಲ್ಲೇ ‘ಬಲವಂತ’ನಿಗೆ ‘ಮಾಂಸಲ’ ಎಂಬ ಪರ್ಯಾಯವಿದೆ. ಬುದ್ಧಿಯ ಮಾತಿಲ್ಲ, ಗುಣದ ಮಾತಿಲ್ಲ, ಕುಲದ ಮಾತಿಲ್ಲ. ನಿಘಂಟುಕಾರನ ಕಣ್ಣಿಗೆ ದುರ್ಬಲನೆಂದರೆ ಮೈಯಲ್ಲಿ ಮಾಂಸವಿಲ್ಲದವನು, ಅಷ್ಟೆ. ಈ ವಾಕ್ಯವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಕಿಟ್ಟೆಲರ ನಿಘಂಟು ಹೊರಬರುವುದಕ್ಕೆ 16 ವರ್ಷ ಮೊದಲು ಮುಗಿದ ಒಂದು ದೊಡ್ಡ ಬರವು ಈ ಅರ್ಥಗಳನ್ನು ನಮ್ಮ ನಾಡಿನ ಮೈಮೇಲೆಯೇ ಬರೆದಿತ್ತು. 1876ರಿಂದ 1878ರವರೆಗಿನ ಆ ಬರ ಧಾತು ಸಂವತ್ಸರದಲ್ಲಿ ಆರಂಭವಾಯಿತು. ಮೈಸೂರು ಸಂಸ್ಥಾನ ಆಗ ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. ಬಳ್ಳಾರಿ ಮದರಾಸು ಪ್ರಾಂತ್ಯದಲ್ಲಿತ್ತು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷ 55 ಸಾವಿರ ಇದ್ದ ಮೈಸೂರಿನ ಜನಸಂಖ್ಯೆ 1881ರ ಗಣತಿಯಲ್ಲಿ ಸುಮಾರು 41 ಲಕ್ಷ 86 ಸಾವಿರಕ್ಕೆ ಇಳಿಯಿತು. ಹುಟ್ಟಿದವರನ್ನು ಸೇರಿಸಿಯೂ ಎಂಟೂವರೆ ಲಕ್ಷಕ್ಕಿಂತ ಹೆಚ್ಚು ಜನ ಲೆಕ್ಕದಿಂದ ಕಾಣೆಯಾಗಿದ್ದರು.

ಆ ಬರದಲ್ಲಿ ‘ಯಾರು ಶಕ್ತರು, ಯಾರು ಅಶಕ್ತರು’ ಎಂಬುದು ಜೀವನ್ಮರಣದ ಪ್ರಶ್ನೆಯಾಯಿತು. ಕೆಲಸ ಮಾಡಬಲ್ಲವರು ಸರ್ಕಾರದ ಕಾಮಗಾರಿಗೆ ಹೋಗಬೇಕು, ಮಾಡಲಾರದವರಿಗೆ ಮಾತ್ರ ಧರ್ಮಾರ್ಥ ಅನ್ನ ಎಂಬುದು ನಿಯಮ. 1877ರ ಜನವರಿಯಲ್ಲಿ ವೈಸರಾಯ್ ಲಿಟ್ಟನ್ ಕಳುಹಿಸಿದ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ, ಖರ್ಚು ಕಡಿಮೆ ಮಾಡುವ ಸಲುವಾಗಿ, ಮದರಾಸು ಪ್ರಾಂತ್ಯದ ಕಾಮಗಾರಿಗಳ ಕೂಲಿಯನ್ನು ಆಳೊಬ್ಬನಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯದ ಬೆಲೆ ಮತ್ತು ಮೇಲೆ ಒಂದಿಷ್ಟು ಕಾಸು ಎಂಬ ಮಟ್ಟಕ್ಕೆ ಇಳಿಸಿದ. ಒಂದು ಪೌಂಡ್ ಎಂದರೆ ಅರ್ಧ ಕಿಲೋಗ್ರಾಮಿಗಿಂತ ಕಡಿಮೆ. ಅದನ್ನು ತಿಂದು ಕಲ್ಲು ಒಡೆಯಬೇಕು, ಮಣ್ಣು ಹೊರಬೇಕು. ಮದರಾಸಿನ ನೈರ್ಮಲ್ಯ ಕಮಿಷನರಾಗಿದ್ದ ಡಾಕ್ಟರ್ ಕಾರ್ನಿಷ್ ಇದನ್ನು ಬಲವಾಗಿ ವಿರೋಧಿಸಿದರು. ಅಷ್ಟು ಆಹಾರದಲ್ಲಿ ದುಡಿಯುವ ಮೈ ಉಳಿಯದು ಎಂಬುದು ಅವರ ವಾದ. ಕೊನೆಗೆ ಅದೇ ವರ್ಷ ಮದರಾಸಿನಲ್ಲಿ ಕೂಲಿಯನ್ನು ಹೆಚ್ಚಿಸಬೇಕಾಯಿತು. ಅಷ್ಟರಲ್ಲಿ ಶಕ್ತರೆಂದು ಲೆಕ್ಕಕ್ಕೆ ಬಂದು ಕಾಮಗಾರಿಗೆ ಹೋದ ಎಷ್ಟೋ ಜನ ಅಶಕ್ತರಾಗಿಬಿಟ್ಟಿದ್ದರು.

ಈ ಇತಿಹಾಸದಲ್ಲಿ ನಾನು ಕಾಣುವ ಸಂಗತಿ ಇದು. ಟೆಂಪಲ್ಲನೂ ಕಾರ್ನಿಷರೂ ನೋಡಿದ್ದು ಅದೇ ಜನರನ್ನು. ಒಬ್ಬನಿಗೆ ಕಂಡದ್ದು ಕೆಲಸ ಮಾಡಬಲ್ಲವರು, ಮಾಡಲಾರದವರು ಎಂಬ ಎರಡು ಪಟ್ಟಿ. ಇನ್ನೊಬ್ಬರಿಗೆ ಕಂಡದ್ದು ‘ಅಮಾಂಸ’. ಪಟ್ಟಿ ಮಾಡುವವನು ಯಾರು ದುರ್ಬಲರೆಂದು ಕೇಳುತ್ತಾನೆ. ವೈದ್ಯ ಏಕೆ ದುರ್ಬಲರಾದರೆಂದು ಕೇಳುತ್ತಾನೆ.

ಇನ್ನು ಮೈಯನ್ನು ಬಿಟ್ಟು ಮನಸ್ಸಿನ ಕಡೆಗೆ ಬರೋಣ. ಹೇಡಿ, ಪುಕ್ಕಲು, ಅಳ್ಳೆದೆ, ಕೈಲಾಗದವನು, ಇವೆಲ್ಲ ಎದೆಗಾರಿಕೆಯ ಕೊರತೆಯನ್ನು ಹೇಳುವ ಪದಗಳು. ಈ ಪಟ್ಟಿಗೆ ನಮ್ಮ ಜನ ಒಬ್ಬ ರಾಜಕುಮಾರನ ಹೆಸರನ್ನೇ ಸೇರಿಸಿದ್ದಾರೆ. ‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆ ಕೇಳದವರಾರು? ಕುಮಾರವ್ಯಾಸನ ವಿರಾಟಪರ್ವದ ಆ ಭಾಗವನ್ನು ನಾನು ತರಗತಿಯಲ್ಲಿ ಓದುವಾಗ ನೀವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕದ್ದು ನೆನಪಿದೆಯೇ? ಹೆಂಗಸರ ಮುಂದೆ ಬಡಾಯಿ ಕೊಚ್ಚಿ, ಕೌರವ ಸೇನೆಯನ್ನು ಕಂಡೊಡನೆ ರಥದಿಂದ ಹಾರಿ ಓಡಿದ ಹುಡುಗ. ಬೃಹನ್ನಳೆಯ ವೇಷದಲ್ಲಿ ಸಾರಥಿಯಾಗಿದ್ದ ಅರ್ಜುನ ಅವನನ್ನು ಹಿಡಿದು ತಂದು, ಧೈರ್ಯ ಹೇಳಿ, ಲಗಾಮು ಕೈಗೆ ಕೊಟ್ಟ.

ಆದರೆ ಅದೇ ಅರ್ಜುನ ಮುಂದೆ ಕುರುಕ್ಷೇತ್ರದಲ್ಲಿ ಎರಡು ಸೇನೆಗಳ ನಡುವೆ ಬಿಲ್ಲನ್ನು ಕೆಳಗಿಟ್ಟು ರಥದಲ್ಲಿ ಕುಸಿದು ಕುಳಿತ. ಭಗವದ್ಗೀತೆಯ ಎರಡನೆಯ ಅಧ್ಯಾಯದ ಮೂರನೆಯ ಶ್ಲೋಕದಲ್ಲಿ ಕೃಷ್ಣ ಅವನಿಗೆ ಹೇಳುವ ಮಾತಿನಲ್ಲಿ ‘ದೌರ್ಬಲ್ಯ’ ಎಂಬ ಪದವೇ ಬರುತ್ತದೆ; ಅದೂ ಹೃದಯದ ದೌರ್ಬಲ್ಯ. ಗಮನಿಸಬೇಕಾದದ್ದು, ಕೃಷ್ಣ ಅವನನ್ನು ‘ದುರ್ಬಲ’ ಎನ್ನಲಿಲ್ಲ. ದೌರ್ಬಲ್ಯವನ್ನು ಬಿಟ್ಟು ಏಳು ಎಂದ. ಬಿಡಬಹುದಾದದ್ದು ಎಂದರೆ ಮೈಗಂಟಿದ್ದಲ್ಲ, ಮೇಲೆ ಬಂದು ಕುಳಿತದ್ದು. ‘ದುರ್ಬಲ’ ಎಂಬುದು ವ್ಯಕ್ತಿಗೆ ಕೊಡುವ ಹೆಸರು. ‘ದೌರ್ಬಲ್ಯ’ ಎಂಬುದು ಬಂದು ಹೋಗುವ ಸ್ಥಿತಿ. ವ್ಯಾಕರಣದಲ್ಲಿ ಒಂದು ಪ್ರತ್ಯಯದ ವ್ಯತ್ಯಾಸ, ಬದುಕಿನಲ್ಲಿ ಅಜಗಜಾಂತರ.

ಇಬ್ಬರೂ ಯುದ್ಧದ ಮುಂದೆ ಕಂಗೆಟ್ಟವರೇ. ಕಾರಣ ಬೇರೆ ಬೇರೆ, ಒಪ್ಪುತ್ತೇನೆ. ಒಬ್ಬನದು ಪ್ರಾಣಭಯ, ಇನ್ನೊಬ್ಬನದು ಸ್ವಜನರನ್ನು ಕೊಲ್ಲುವ ಸಂಕಟ. ಆದರೂ ಒಬ್ಬನದು ಗಾದೆಯಾಯಿತು, ಇನ್ನೊಬ್ಬನದು ‘ವಿಷಾದಯೋಗ’ ಎಂಬ ಅಧ್ಯಾಯವಾಯಿತು. ಮತ್ತೊಂದು ಸಂಗತಿಯನ್ನು ಗಾದೆ ಹೇಳುವುದೇ ಇಲ್ಲ. ವ್ಯಾಸ ಭಾರತದ ಪ್ರಕಾರ ಅದೇ ಉತ್ತರಕುಮಾರ ಕುರುಕ್ಷೇತ್ರದ ಮೊದಲ ದಿನವೇ ಆನೆಯೇರಿ ಮದ್ರರಾಜ ಶಲ್ಯನನ್ನು ಎದುರಿಸಿ, ಅವನ ರಥದ ಕುದುರೆಗಳನ್ನು ಕೆಡವಿ, ಹೋರಾಡುತ್ತಲೇ ಸತ್ತ. ಓಡಿಹೋದ ಹುಡುಗ ಓಡದೆ ನಿಂತು ಸತ್ತ ಸುದ್ದಿ ನಮ್ಮ ಒಲೆಯ ಮುಂದಕ್ಕೆ ತಲುಪಲೇ ಇಲ್ಲ. ಒಮ್ಮೆ ಅಂಟಿದ ಹೆಸರು ಮನುಷ್ಯ ಬದಲಾದರೂ ಬದಲಾಗುವುದಿಲ್ಲ. ಅಂದು ನಿಮಗೆ ಈ ಭಾಗವನ್ನು ಹೇಳದೆ ನಗಿಸಿ ಬಿಟ್ಟದ್ದು ನನ್ನ ಪಾಠದ ಕೊರತೆ.

ಅಮರಕೋಶದ ಅದೇ ಮನುಷ್ಯವರ್ಗದ ಆರಂಭದಲ್ಲಿ ಸ್ತ್ರೀ, ಯೋಷಿತ್, ನಾರೀ, ವಧೂ ಮೊದಲಾದ ಪದಗಳ ಜೊತೆಗೆ ‘ಅಬಲಾ’ ಎಂಬುದೂ ಇದೆ. ಇಲ್ಲಿ ಬಲವಿಲ್ಲದಿರುವುದು ಸ್ಥಿತಿಯಾಗಿ ಉಳಿಯಲಿಲ್ಲ, ಹುಟ್ಟಿನ ಹೆಸರೇ ಆಯಿತು. ನೀರು ಹೊತ್ತು, ರಾಗಿ ಬೀಸಿ, ನಾಟಿ ಹಾಕಿ, ಹೆತ್ತು ಹೊತ್ತು ಸಾಕಿದ ನಮ್ಮ ಅಜ್ಜಿಯರನ್ನು ಯಾವ ತಕ್ಕಡಿಯಲ್ಲಿಟ್ಟು ಅಬಲೆಯರೆಂದರೋ! ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ರಾಣಿಯ ಊಳಿಗದಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುತ್ತಿದ್ದ ಹೊನ್ನಮ್ಮ ‘ಹದಿಬದೆಯ ಧರ್ಮ’ ಎಂಬ ಸಾಂಗತ್ಯ ಕೃತಿಯನ್ನು ಬರೆದಳು. ಪತಿವ್ರತೆಯ ಧರ್ಮವನ್ನು ಹೇಳುವ ಆ ಕೃತಿಯಲ್ಲಿಯೇ, ಹೆಣ್ಣನ್ನು ಕೀಳಾಗಿ ಕಾಣುವವರನ್ನು ಆಕೆ ನೇರವಾಗಿ ಪ್ರಶ್ನಿಸಿದ್ದಾಳೆ. 1824ರಲ್ಲಿ ಕಿತ್ತೂರಿನ ಚೆನ್ನಮ್ಮ ಕಂಪನಿಯ ಸೇನೆಯನ್ನು ಎದುರಿಸಿದಾಗ ಅಮರಕೋಶದ ಈ ಪದ ನಾಚಿಕೊಂಡಿರಬೇಕು. ಇಂದು ಸರ್ಕಾರದ ಕಾಗದಗಳಲ್ಲಿ ‘ಸಬಲೀಕರಣ’ ಎಂಬ ಪದ ಓಡಾಡುತ್ತಿದೆ. ಒಳ್ಳೆಯದೇ. ಆದರೆ ಬಲವನ್ನು ಮೊದಲು ಕಿತ್ತುಕೊಂಡವರಾರು ಎಂಬುದನ್ನು ಆ ಪದವೂ ಹೇಳುವುದಿಲ್ಲ.

ಸಮಾಜವನ್ನೇ ಕುರಿತ ಪದಗಳಲ್ಲಿಯೂ ಇದೇ ತೊಡಕು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಿಸಿದರು. ಸರ್ಕಾರಿ ನೌಕರಿಯಲ್ಲಿ ಎಲ್ಲ ಸಮುದಾಯಗಳಿಗೂ ಪಾಲು ಸಿಗುವುದು ಹೇಗೆಂಬುದು ಅದರ ಮುಂದಿದ್ದ ಪ್ರಶ್ನೆ. ಮರುವರ್ಷ ವರದಿ ಬಂತು. ಅಲ್ಲಿಂದ ‘ಹಿಂದುಳಿದ’ ಎಂಬ ಪದ ನಮ್ಮ ಆಡಳಿತದಲ್ಲಿ ಬೇರೂರಿತು. ಸಂವಿಧಾನದ 46ನೆಯ ವಿಧಿ ‘ದುರ್ಬಲ ವರ್ಗ’ಗಳ, ಅದರಲ್ಲಿಯೂ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ, ವಿದ್ಯಾಭ್ಯಾಸ ಮತ್ತು ಆರ್ಥಿಕ ಹಿತವನ್ನು ವಿಶೇಷ ಗಮನದಿಂದ ಕಾಯಬೇಕೆಂದು ರಾಜ್ಯಕ್ಕೆ ಹೇಳಿತು. 1972ರಲ್ಲಿ ನೇಮಕವಾದ ಹಾವನೂರು ಆಯೋಗ 1975ರಲ್ಲಿ ವರದಿ ಕೊಟ್ಟಿತು. ಈ ಹೆಜ್ಜೆಗಳಿಂದ ಎಷ್ಟು ಮನೆಗಳಿಗೆ ಮೊದಲ ಬಾರಿಗೆ ವಿದ್ಯೆಯ ದೀಪ ಬಂತೆಂಬುದನ್ನು ಶಾಲೆಯ ಮೇಷ್ಟರಿಗಿಂತ ಚೆನ್ನಾಗಿ ಬಲ್ಲವರಿಲ್ಲ.

ಆದರೆ ಪದಗಳನ್ನು ನೋಡಿ. ‘ಹಿಂದುಳಿದ’ ಎಂದರೆ ತಾನಾಗಿಯೇ ಹಿಂದೆ ಉಳಿದ ಹಾಗೆ ಕೇಳಿಸುತ್ತದೆ. ‘ದುರ್ಬಲ’ ಎಂದರೆ ಹುಟ್ಟಿನಿಂದಲೇ ಬಲ ಕಡಿಮೆಯೇನೋ ಎಂಬಂತಿದೆ. 1970ರ ದಶಕದಲ್ಲಿ ಕರ್ನಾಟಕದಲ್ಲಿ ಚಳವಳಿಯೊಡನೆ ಮನೆಮಾತಾದ ‘ದಲಿತ’ ಎಂಬ ಪದ ಹಾಗಲ್ಲ. ಸೀಳಲ್ಪಟ್ಟವನು, ತುಳಿಯಲ್ಪಟ್ಟವನು ಎಂಬ ಕರ್ಮಣಿ ರೂಪ ಅದು. ತುಳಿಯಲ್ಪಟ್ಟಿದ್ದರೆ ತುಳಿದ ಕಾಲೊಂದು ಇರಲೇಬೇಕು. ಹೊರಗಿನವರು ಕೊಟ್ಟ ಹೆಸರುಗಳನ್ನು ಬಿಟ್ಟು ಜನ ತಮಗೆ ತಾವೇ ಈ ಹೆಸರನ್ನು ಆರಿಸಿಕೊಂಡದ್ದರ ಅರ್ಥ ನನಗೆ ತಡವಾಗಿ ತಿಳಿಯಿತು. ಅಂಗವಿಕಲ ಎನ್ನುವುದು ಒರಟೆಂದು ‘ವಿಕಲಚೇತನ’ ಎಂದು ತಿದ್ದಿದಾಗಲೂ ನಾವು ಎಡವಿದೆವು. ಕಾಲಿನಲ್ಲಿದ್ದ ಊನವನ್ನು ಒಯ್ದು ಚೇತನಕ್ಕೇ ಅಂಟಿಸಿದೆವಲ್ಲ!

ಈಗ ನನ್ನ ತಪ್ಪಿಗೆ ಬರುತ್ತೇನೆ.

ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮೂರು ತಿಂಗಳಿರುವಾಗ ಪ್ರತಿವರ್ಷವೂ ನಾವು ಒಂದು ಪಟ್ಟಿ ಮಾಡುತ್ತಿದ್ದೆವು: ‘ದುರ್ಬಲ ವಿದ್ಯಾರ್ಥಿಗಳು’. ಅವರಿಗೆ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ವಿಶೇಷ ತರಗತಿ. ಉದ್ದೇಶ ಒಳ್ಳೆಯದೇ ಇತ್ತು. ಆ ಪಟ್ಟಿಯನ್ನು ಸಾಲಾಗಿ ಓದಿ, ಹೆಸರು ಬಂದವರನ್ನು ಎದ್ದು ನಿಲ್ಲಿಸುತ್ತಿದ್ದೆವು. 1985ರ ತಂಡದಲ್ಲಿ ಒಬ್ಬ ಹುಡುಗನಿದ್ದ. ಹೆಸರು ಬರೆಯುವುದಿಲ್ಲ. ಮೂರು ಮೈಲಿ ಆಚೆಯ ಹಳ್ಳಿಯಿಂದ ನಡೆದು ಬರುತ್ತಿದ್ದ, ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ, ಮೂರನೆಯ ಪೀರಿಯಡ್ಡಿನ ಹೊತ್ತಿಗೆ ತೂಕಡಿಸುತ್ತಿದ್ದ. ಕೇಳಿದ ಪ್ರಶ್ನೆಗೆ ಎದ್ದು ನಿಂತು ಸುಮ್ಮನಿರುತ್ತಿದ್ದ. ನನ್ನ ದಾಖಲೆ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ‘ಬುದ್ಧಿ ದುರ್ಬಲ, ಆಸಕ್ತಿ ಇಲ್ಲ’ ಎಂದು ಬರೆದೆ.

ಜನವರಿಯ ಒಂದು ಬೆಳಿಗ್ಗೆ ಪ್ರಾರ್ಥನೆಯ ಸಾಲಿನಲ್ಲಿಯೇ ಅವನು ಬಿದ್ದುಬಿಟ್ಟ. ನೀರು ಚಿಮುಕಿಸಿ ಎತ್ತಿ ಕೂರಿಸಿದೆವು. ನಮ್ಮ ಶಾಲೆಯ ಜವಾನ ನನ್ನ ಹಾಗೆ ಓದಿದವನಲ್ಲ, ಆದರೆ ಅವನು ಕೇಳಿದ ಮೊದಲ ಪ್ರಶ್ನೆ, “ಏನಾದ್ರೂ ತಿಂದಿದ್ದೀಯೇನೋ ಮಗಾ?” ಹುಡುಗ ತಲೆ ಅಲ್ಲಾಡಿಸಿದ. ಹಿಂದಿನ ದಿನ ಮಧ್ಯಾಹ್ನದಿಂದ ಏನೂ ತಿಂದಿರಲಿಲ್ಲ. ಜವಾನ ತನ್ನ ಬುತ್ತಿಯ ಮುದ್ದೆಯನ್ನು ಬಿಚ್ಚಿ ಅವನ ಮುಂದಿಟ್ಟ. ಅವನು ತಿನ್ನುವುದನ್ನು ನಾನು ನೋಡುತ್ತ ನಿಂತಿದ್ದೆ. ಅಂಗಿಯ ತೋಳಿನಿಂದ ಹೊರಬಂದಿದ್ದ ಆ ಕೈ ಕಡ್ಡಿಯಂತಿತ್ತು. ವರ್ಷವಿಡೀ ಎದುರಿಗೆ ಕೂತಿದ್ದ ಕೈಯನ್ನು ನಾನು ಕಂಡದ್ದು ಅಂದೇ ಮೊದಲು.

ಬಾಲ್ಯದಲ್ಲಿ ಅಮರವನ್ನು ಬಾಯಿಪಾಠ ಮಾಡಿದ್ದ ಪಂಡಿತ ನಾನು. ದುರ್ಬಲನೆಂದರೆ ಅಮಾಂಸ ಎಂದು ಗಟ್ಟಿಯಾಗಿ ಹೇಳಬಲ್ಲವನು. ಕನ್ನಡದ ‘ಬಡ’ ಪದದ ಅರ್ಥವನ್ನು ಮಕ್ಕಳಿಗೆ ಬಿಡಿಸಿ ಹೇಳುತ್ತಿದ್ದವನು. ಆ ಎರಡು ಪ್ರಾಚೀನ ಪದಗಳೂ ಕೂಗಿ ಹೇಳುತ್ತಿದ್ದದ್ದನ್ನು ನಾನು ಕೇಳಿಸಿಕೊಳ್ಳದೆ, ಅನ್ನದ ಕೊರತೆಯನ್ನು ಬುದ್ಧಿಯ ಕೊರತೆಯೆಂದು ಬರೆದೆ. ಅದಕ್ಕಿಂತ ದೊಡ್ಡ ತಪ್ಪೆಂದರೆ, ತಿಳಿದ ಮೇಲೆಯೂ ಆ ಕೆಂಪು ಬರಹವನ್ನು ತಿದ್ದಲಿಲ್ಲ. ‘ನಾಳೆ ತಿದ್ದೋಣ’ ಎಂದುಕೊಂಡೆ. ಕೆಲವು ದಿನ ನಮ್ಮ ಮನೆಯಿಂದ ಡಬ್ಬಿ ತಂದುಕೊಟ್ಟೆ, ನಿಜ. ಆದರೆ ಪಟ್ಟಿಯಲ್ಲಿ ಹೆಸರು ಕರೆದಾಗ ಎದ್ದು ನಿಂತ ಹುಡುಗನಿಗೆ ಡಬ್ಬಿ ಸಾಲಲಿಲ್ಲವೇನೋ. ಫೆಬ್ರವರಿಯಲ್ಲಿ ಅವನು ಶಾಲೆಗೆ ಬರುವುದನ್ನು ನಿಲ್ಲಿಸಿದ. ಪರೀಕ್ಷೆಗೆ ಕೂರಲಿಲ್ಲ. ಮನೆಯವರೆಲ್ಲ ಕೆಲಸ ಹುಡುಕಿಕೊಂಡು ಬೇರೆ ಕಡೆಗೆ ಹೋದರೆಂದು ಆಮೇಲೆ ಕೇಳಿದೆ.

2002ರಲ್ಲಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಮೊದಲಾಗಿ ಮುಂದೆ ರಾಜ್ಯವೆಲ್ಲ ಹಬ್ಬಿದ ಅಕ್ಷರ ದಾಸೋಹದ ಬಿಸಿಯೂಟ ಪ್ರೌಢಶಾಲೆಗೆ ಬಂದದ್ದು ನಾನು ನಿವೃತ್ತನಾದ ನಂತರ. ಈಗ ಯಾವುದಾದರೂ ಶಾಲೆಯ ಮುಂದೆ ಹಾದುಹೋಗುವಾಗ ಸಾರಿನ ವಾಸನೆ ಬಂದರೆ ಒಂದು ಕ್ಷಣ ನಿಂತುಬಿಡುತ್ತೇನೆ. ಈಗಿನ ಶಿಕ್ಷಕರು ‘ನಿಧಾನ ಕಲಿಕೆಯವರು’ ಎನ್ನುತ್ತಾರೆ, ‘ಪರಿಹಾರ ಬೋಧನೆ’ ಎನ್ನುತ್ತಾರೆ. ಪದ ಮೃದುವಾಗಿದೆ, ಸಂತೋಷ. ಆದರೆ ಪದವನ್ನು ಬದಲಾಯಿಸಿದರೆ ಸಾಲದು. ಜವಾನ ಕೇಳಿದ ಪ್ರಶ್ನೆಯನ್ನು ಕೇಳಬೇಕು.

ವೈದ್ಯ ಶಿಷ್ಯನಿಗೆ ನಿನ್ನೆ ದೂರವಾಣಿಯಲ್ಲಿ ಉತ್ತರ ಹೇಳಿದೆ. “ನೋಡಪ್ಪಾ, ನಮ್ಮ ಹಳಬರ ಪದಗಳು ಏನು ಇಲ್ಲ ಎಂಬುದನ್ನು ಹೇಳುತ್ತಿದ್ದವು. ಬಡವನಿಗೆ ಅನ್ನವಿಲ್ಲ, ನಿತ್ರಾಣನಿಗೆ ಆಸರೆಯಿಲ್ಲ, ಅಳ್ಳೆದೆಯವನಿಗೆ ಧೈರ್ಯವಿಲ್ಲ. ವೀಕ್‌ನೆಸ್ ಎಂಬ ಪದ ಅದನ್ನು ಹೇಳುವುದಿಲ್ಲ. ಆದ್ದರಿಂದ ಹಾಗೆಂದು ಬಂದವರನ್ನು, ಏನು ಇಲ್ಲ ಎಂದು ನೀನೇ ಕೇಳಬೇಕು.” ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸರ್, ನೀವು ಡಬ್ಬಿ ತಂದುಕೊಡುತ್ತಿದ್ದುದು ನನಗೆ ನೆನಪಿದೆ” ಎಂದ. ಅವನೂ ಅದೇ ತರಗತಿಯವನು. ಕೆಂಪು ಶಾಯಿಯ ಸಂಗತಿ ಅವನಿಗೆ ಗೊತ್ತಿರಲಿಲ್ಲ, ನಾನೇ ಹೇಳಿದೆ.

1985ರ ತಂಡದವರೇ, ಆ ಹುಡುಗ ಯಾರೆಂದು ನಿಮಗೆ ಈಗಾಗಲೇ ಹೊಳೆದಿರಬಹುದು. ದಯವಿಟ್ಟು ಅವನ ಹೆಸರನ್ನು ಎಲ್ಲಿಯೂ ಬರೆಯಬೇಡಿ. ನಿಮ್ಮಲ್ಲಿ ಯಾರಿಗಾದರೂ ಅವನ ಸುಳಿವು ತಿಳಿದಿದ್ದರೆ ನನಗೊಬ್ಬನಿಗೇ ಹೇಳಿ. ಅವನಿಗೂ ಈಗ ಮೊಮ್ಮಕ್ಕಳಿರಬಹುದು. ಒಪ್ಪಿದರೆ ಅವನ ಮನೆಯವರೆಗೂ ಹೋಗಿ ಒಂದು ಮಾತು ಹೇಳಿ ಬರುವಷ್ಟು ತ್ರಾಣ ನನ್ನಲ್ಲಿ ಇನ್ನೂ ಇದೆ.

ನಿಮ್ಮ ಮನೆಯ ಹಿರಿಯರು ಆಡುತ್ತಿದ್ದ ಇಂಥ ಪದಗಳಿದ್ದರೆ ಅವನ್ನೂ ಬರೆದು ಕಳುಹಿಸಿ. ನನ್ನ ಪಟ್ಟಿ ಬಹಳ ಚಿಕ್ಕದು.

ನಿಮ್ಮ ಮೇಷ್ಟ್ರು